ಹೋಳಿಗೆ ಊಟದ ಮೆಮೊರಾಂಡಂ

ಡಚ್ಚರ ನಾಡಿನ ಆಮ್ಸ್ಟೆಲ್‌ವೀನಿನಲ್ಲಿ ಕನ್ನಡದವರು ನಾಲ್ಕು ಜನ ಸೇರಿದರೆ ಯಾರೂ ಯಾರ ಕೆಲಸ ಏನೆಂದು ಕೇಳುವುದಿಲ್ಲ. ಎಲ್ಲರದೂ ಒಂದೇ ಕೆಲಸ. ಕಂಪನಿಯ ಹೆಸರು ಕೇಳಿದರೆ ಸಾಕು. ಆ ಗುಂಪಿನಲ್ಲಿ ಚಂದ್ರಪ್ರಭಾ ಒಬ್ಬರೇ ಬೇರೆ. ಹೊಸದಾಗಿ ಬಂದ ಹುಡುಗರು "ನೀವೂ ಐಟಿನಾ ಆಂಟಿ?" ಎಂದು ಕೇಳಿದರೆ, "ಇಲ್ಲಪ್ಪ, ನಾನು ಅಮೆರಿಕದ ಕೋರ್ಟಿಗೆ ಬರೀತೀನಿ" ಎನ್ನುತ್ತಾರೆ. ಕೇಳಿದವರು ಅರ್ಥವಾದವರ ಹಾಗೆ ತಲೆಯಾಡಿಸಿ ಬೋಂಡಾ ಇಟ್ಟ ಕಡೆಗೆ ಸರಿದುಬಿಡುತ್ತಾರೆ. ಎರಡನೇ ಪ್ರಶ್ನೆ ಕೇಳಿದವರು ಇವತ್ತಿನವರೆಗೆ ಯಾರೂ ಇಲ್ಲ. ಕೇಳಿದ್ದರೆ ಬೋಂಡಾ ಆರಿಹೋಗುತ್ತಿತ್ತು, ಅಷ್ಟು ಹೇಳುವುದಿತ್ತು ಅವರಿಗೆ.

ಅಮೆರಿಕದ ಫೆಡರಲ್ ಕೋರ್ಟಿನಲ್ಲಿ ಸಿವಿಲ್ ದಾವೆ ನಡೆಯುವಾಗ ಮಧ್ಯೆ ಮಧ್ಯೆ ಕಕ್ಷಿಗಾರರು ಕೋರ್ಟನ್ನು ಏನಾದರೂ ಕೇಳಿಕೊಳ್ಳುತ್ತಾರೆ. ಈ ದಾವೆಯನ್ನು ವಜಾ ಮಾಡಿ, ಆ ಕಾಗದ ಕೊಡಿಸಿ, ಈ ಸಾಕ್ಷಿ ಬೇಡ ಎನ್ನಿ. ಹಾಗೆ ಕೇಳುವುದಕ್ಕೆ ಮೋಷನ್ ಎನ್ನುತ್ತಾರೆ. ಅದು ಒಂದು ಪುಟದಲ್ಲಿ ಮುಗಿಯುತ್ತದೆ. ಕೇಳಿದ್ದನ್ನು ಯಾಕೆ ಕೊಡಬೇಕು ಎಂದು ಕಾನೂನು ಹಿಡಿದು, ಹಳೆಯ ತೀರ್ಪುಗಳನ್ನು ಹಿಡಿದು, ಜಡ್ಜಿಗೆ ಬೇಸರ ಬಾರದಂತೆ ಬರೆದುಕೊಡುವುದೇ ಮೆಮೊರಾಂಡಂ. ಕೇಳುವುದು ಯಾರು ಬೇಕಾದರೂ ಕೇಳಿಯಾರು. ಕೊಡುವ ಹಾಗೆ ಕೇಳುವುದರಲ್ಲಿದೆ ಕಸುಬು. ಆ ಕಸುಬು ಚಂದ್ರಪ್ರಭಾ ಅವರದು.

ಮೈಸೂರಿನ ಕೋರ್ಟಿನಲ್ಲಿ ಅವರು ಬಸವಂತಪ್ಪ ಎಂಬ ಹಿರಿಯ ವಕೀಲರ ಜೂನಿಯರ್ ಆಗಿದ್ದರು. ಬಸವಂತಪ್ಪನವರದು ಗುಡುಗಿನ ಕಂಠ, ಕೋಳಿ ಕೆದರಿದಂಥ ಬರವಣಿಗೆ. ಹಾಗಾಗಿ ಗುಡುಗು ಅವರದು, ಬರವಣಿಗೆ ಇವರದು. ಗಂಡ ಗೋವಿಂದರಾಜುವಿಗೆ ಇಲ್ಲಿ ಕೆಲಸ ಸಿಕ್ಕಾಗ ಕಪ್ಪು ಕೋಟನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿಕೊಂಡು ಬಂದರು. ಡಚ್ ಕೋರ್ಟಿನಲ್ಲಿ ಆ ಕೋಟಿಗೆ ಬೆಲೆಯಿಲ್ಲ ಎಂದು ತಿಳಿಯುವುದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ಕೆಲವು ಕಾಲ ಡಚ್ ಕಲಿತರು, ಸೈಕಲ್ ಕಲಿತರು, ಎರಡರಿಂದಲೂ ಬಿದ್ದರು. ಆಮೇಲೆ ದ ಹೇಗಿನಲ್ಲಿ ಎಲೀನ್ ಹಾಲೊವೇ ಎಂಬ ಅಮೆರಿಕನ್ ವಕೀಲೆಯ ಕಚೇರಿಯೊಂದಿದೆ ಎಂದು ತಿಳಿಯಿತು. ಅಮೆರಿಕದಲ್ಲಿ ದಾವೆಗೆ ಸಿಕ್ಕಿಬಿದ್ದ ಇಲ್ಲಿನ ಕಂಪನಿಗಳ ಪರವಾಗಿ ನಿಲ್ಲುವ ಕಚೇರಿ ಅದು. ಮೊದಲು ತೀರ್ಪುಗಳ ಉಲ್ಲೇಖ ಸರಿಯಿದೆಯೇ ಎಂದು ನೋಡುವ ಕೆಲಸ ಕೊಟ್ಟರು. ಈಗ ಹಾಲೊವೇ ರುಜು ಮಾಡುವ ಮೆಮೊರಾಂಡಂಗಳ ಮೊದಲ ಅಕ್ಷರದಿಂದ ಕೊನೆಯ ಚುಕ್ಕೆಯವರೆಗೆ ಬರೆಯುವವರು ಚಂದ್ರಪ್ರಭಾ. ರುಜು ಮಾಡುವ ಹಕ್ಕು ಇವರಿಗಿಲ್ಲ. ಅದಕ್ಕೆ ಬೇಸರವಿದೆಯೇ ಎಂದು ಗೋವಿಂದರಾಜು ಒಮ್ಮೆ ಕೇಳಿದ್ದಕ್ಕೆ, "ಹೆತ್ತಿದ್ದು ನಾನು ಅಂತ ನಂಗೆ ಗೊತ್ತಿದ್ರೆ ಸಾಕು, ನಾಮಕರಣಕ್ಕೆ ಯಾರ್ ಬೇಕಾದ್ರೂ ಕೂತ್ಕೊಳ್ಳಲಿ" ಎಂದಿದ್ದರು.

ಈ ಬರವಣಿಗೆಗೆ ಒಂದು ಕಟ್ಟುನಿಟ್ಟಿದೆ. ಘಟನೆ ಯಾವುದೇ ಇರಲಿ, ಅದನ್ನು ಹೇಳುವ ಪ್ರತಿ ವಾಕ್ಯದ ಕೊನೆಗೂ ಅದಕ್ಕೆ ಆಧಾರ ಯಾರ ಅಫಿಡವಿಟ್ಟಿನ ಎಷ್ಟನೇ ಪ್ಯಾರಾ ಎಂದು ತೋರಿಸಬೇಕು. ಮೈಸೂರಿನಲ್ಲಿ "ಇದು ಜಗಜ್ಜಾಹೀರಾದ ಸಂಗತಿ" ಎಂದು ಬಸವಂತಪ್ಪನವರು ಮೇಜು ಗುದ್ದಿದರೆ ನಡೆಯುತ್ತಿತ್ತು. ಇಲ್ಲಿ ಸೂರ್ಯ ಪೂರ್ವದಲ್ಲಿ ಹುಟ್ಟಿದ ಎಂದರೂ ನೋಡಿದವರು ಯಾರು ಎನ್ನುತ್ತಾರೆ. ಚಂದ್ರಪ್ರಭಾ ಅವರಿಗೆ ಈ ಕಟ್ಟುನಿಟ್ಟು ಮೊದಲ ದಿನವೇ ಹಿಡಿಸಿಬಿಟ್ಟಿತು. ಆಧಾರವಿಲ್ಲದ ಒಂದೇ ಒಂದು ವಾಕ್ಯ ತಮ್ಮ ಕೈಯಿಂದ ಕೋರ್ಟಿಗೆ ಹೋಗಿಲ್ಲ ಎನ್ನುವುದು ಅವರ ಹೆಮ್ಮೆ. ಅದನ್ನು ಅವರು ಬಾಯಿಬಿಟ್ಟು ಹೇಳುತ್ತಾರೆ, ಸಂಕೋಚವೇನೂ ಪಡುವುದಿಲ್ಲ.

ಆ ಹೆಮ್ಮೆಗೇ ಪೆಟ್ಟು ಬಿದ್ದದ್ದು ಕಿರಣ್‌ನ ಕೇಸಿನಲ್ಲಿ.

ಕಿರಣ್ ಮಂಡ್ಯದ ಹುಡುಗ. ಇಲ್ಲಿ ಓದಿ, ಇಲ್ಲೇ ನೂರ್ಡ್‌ವೈಕ್‌ನಲ್ಲಿ ಸಣ್ಣ ಕಂಪನಿ ಕಟ್ಟಿದ್ದಾನೆ. ಉಪಗ್ರಹಗಳಿಗೆ ಬಿಸಿಲು ಚಳಿ ತಾಗದಂತೆ ಹೊದಿಸುವ ಹೊದಿಕೆಗಳನ್ನು ಅವನ ಹತ್ತು ಹನ್ನೆರಡು ಜನ ಕೈಯಲ್ಲೇ ಹೊಲಿಯುತ್ತಾರೆ. ಟೆಕ್ಸಾಸ್‌ನ ದೊಡ್ಡ ಕಂಪನಿಯೊಂದು, ಆ ಹೊಲಿಗೆಯ ವಿಧಾನ ತನ್ನದು, ಕಿರಣ್ ಅದನ್ನು ಕದ್ದ ಎಂದು ಅಲ್ಲಿನ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿತು. ಕದ್ದಿರಲಿಲ್ಲ. ಆದರೆ ಕದ್ದಿಲ್ಲ ಎಂದು ಅಮೆರಿಕದಲ್ಲಿ ನಿಂತು ತೋರಿಸುವಷ್ಟರಲ್ಲಿ ಕಂಪನಿಗೆ ಬೀಗ ಬೀಳುತ್ತಿತ್ತು. ಕನ್ನಡ ಕೂಟದ ಸಮಾರಂಭವೊಂದರಲ್ಲಿ ಮುಖ ಬಾಡಿಸಿಕೊಂಡು ನಿಂತಿದ್ದವನನ್ನು ಹಾಲೊವೇ ಅವರ ಹತ್ತಿರ ಕರೆದುಕೊಂಡು ಹೋದವರು ಚಂದ್ರಪ್ರಭಾ ಅವರೇ.

ಉಳಿದಿದ್ದ ದಾರಿ ಒಂದು. ಟೆಕ್ಸಾಸ್‌ಗೂ ಈ ಕಂಪನಿಗೂ ಯಾವ ಸಂಬಂಧವೂ ಇಲ್ಲ, ಆದ್ದರಿಂದ ಇವನನ್ನು ಅಲ್ಲಿಗೆ ಎಳೆಯುವ ಅಧಿಕಾರ ಆ ಕೋರ್ಟಿಗಿಲ್ಲ, ದಾವೆ ವಜಾ ಮಾಡಿ ಎಂಬ ಮೋಷನ್. ಅದು ಗೆದ್ದರೆ ಕಿರಣ್ ಉಳಿದ. ಸೋತರೆ ಕಂಪನಿ ಮುಳುಗಿತು. ಚಂದ್ರಪ್ರಭಾ ಅವನನ್ನು ಎದುರಿಗೆ ಕೂರಿಸಿಕೊಂಡು ಒಂದೊಂದಾಗಿ ಕೇಳಿದರು. ಆ ರಾಜ್ಯದಲ್ಲಿ ಏನಾದರೂ ಮಾರಿದ್ದೀಯಾ? ಇಲ್ಲ. ಜಾಹೀರಾತು ಕೊಟ್ಟಿದ್ದೀಯಾ? ಇಲ್ಲ. ಕಂಪನಿಯ ಹೆಸರನ್ನು ಎಲ್ಲಾದರೂ ಹಾಕಿಸಿದ್ದೀಯಾ? ಇಲ್ಲವೇ ಇಲ್ಲ ಮೇಡಂ. ಕಚೇರಿಯಲ್ಲಿ ಮೇಡಂ, ಮನೆಯಲ್ಲಿ ಆಂಟಿ. ಅವನು ಅದನ್ನೇ ಅಫಿಡವಿಟ್ ಮಾಡಿ ರುಜು ಹಾಕಿದ. "ಪ್ರತಿವಾದಿ ಕಂಪನಿಯು ಈ ರಾಜ್ಯದಲ್ಲಿ ಎಂದೂ ತನ್ನ ಹೆಸರನ್ನು ಪ್ರದರ್ಶಿಸಿಲ್ಲ" ಎಂದು ಚಂದ್ರಪ್ರಭಾ ಬರೆದು, ಕೊನೆಗೆ ಅವನ ಪ್ಯಾರಾ ಸಂಖ್ಯೆ ಹಾಕಿದರು. ಹಾಲೊವೇ ರುಜು ಮಾಡಿದರು. ಮೋಷನ್ ಕೋರ್ಟಿಗೆ ಹೋಯಿತು.

ಅದು ಹೋದ ವಾರದಲ್ಲೇ ಕಿರಣ್ ತನ್ನ ತಾಯಿಯನ್ನು ಕರೆದುಕೊಂಡು ಊಟಕ್ಕೆ ಬಂದ. ರಾಜಮ್ಮ ಮಗನನ್ನು ನೋಡಲು ಮಂಡ್ಯದಿಂದ ಬಂದಿದ್ದರು. ಚಂದ್ರಪ್ರಭಾ ಹೋಳಿಗೆ ಮಾಡಿದ್ದರು. ಗಂಡಸರು ತಟ್ಟೆ ಹಿಡಿದುಕೊಂಡು ಟಿವಿ ಮುಂದೆ ಕೂತರು. ರಾಜಮ್ಮ ಮಾತ್ರ ಅಡುಗೆಮನೆಯಲ್ಲೇ ಕುರ್ಚಿ ಎಳೆದುಕೊಂಡು, ತುಪ್ಪ ಇನ್ನಷ್ಟು ಹಾಕಿಸಿಕೊಂಡು, ಸಮಾಧಾನದಲ್ಲಿ ಉಂಡರು.

"ಹೋಳ್ಗೆ ಚೆಂದಾಗದೆ ಕಣವ್ವ. ಆದ್ರೂ ಹೂಸ್ಟನ್ನಲ್ಲಿ ನಮ್ ಕಿರಣ ಹಾಕ್ಸಿದ್ ಊಟ ಇತ್ತಲ್ಲ, ಆ ಹೋಳ್ಗೆ ತರ ಇನ್ನೆಲ್ಲೂ ತಿಂದಿಲ್ಲ ಬುಡು."

"ಹ್ಯೂಸ್ಟನ್ನಲ್ಲಾ? ಯಾವಾಗಮ್ಮ?" ಎಂದರು ಚಂದ್ರಪ್ರಭಾ. ಕೈಯಲ್ಲಿದ್ದ ಮಗುಚುವ ಕೈ ಅಲ್ಲೇ ನಿಂತಿತು. ಹ್ಯೂಸ್ಟನ್ ಇರುವುದು ಟೆಕ್ಸಾಸ್‌ನಲ್ಲಿ.

"ಹೋದೊರ್ಸ ಕಣವ್ವ. ನನ್ ತಂಗಿ ಮಗಳ ಮನೆ ಒಕ್ಕಲಿಗೆ ಹೋಗಿದ್ವಲ್ಲ. ಅಲ್ಲಿ ಕನ್ನಡದೋರೆಲ್ಲ ಸೇರ್ಕೊಂಡು ಹಬ್ಬ ಮಾಡುದ್ರು. ಒಂದ್ ಹೊತ್ತಿನ್ ಊಟ ಪೂರ್ತಿ ನಮ್ದೇ ಅಂದ್ಬುಟ್ಟ ಕಿರಣ. ಸ್ಟೇಜ್ ಮೇಲೆ ಆಳೆತ್ತರಕ್ಕೆ ಅವ್ನ್ ಕಂಪ್ನಿ ಹೆಸ್ರ ಬರ್ಸಿದ್ರು! ಕರ್ದು ಶಾಲು ಹೊದ್ಸುದ್ರು. ಅವ್ನು ಮೈಕ್ ಹಿಡ್ಕಂಡು, ನಾವು ಆಕಾಸದಲ್ಲಿರೋ ಸ್ಯಾಟ್ಲೈಟ್‌ಗೆ ಕಂಬ್ಳಿ ಹೊಲಿತೀವಿ ಅಂದ. ಜನ ಏನ್ ಚಪ್ಪಾಳೆ ತಟ್ಟುದ್ರು ಅಂತೀಯ! ನಂಗೆ ಕಣ್ಣಲ್ಲಿ ನೀರೇ ಬಂದ್ಬುಡ್ತು."

ಹೇಳುವಾಗಲೂ ರಾಜಮ್ಮನವರ ಕಣ್ಣು ತುಂಬಿತ್ತು. ಚಂದ್ರಪ್ರಭಾ ತವೆಯ ಕಡೆ ನೋಡುವುದನ್ನೇ ಮರೆತರು. ಮೇಲಿದ್ದ ಹೋಳಿಗೆ ಸೀದುಹೋಯಿತು. ಎಂದೂ ತನ್ನ ಹೆಸರನ್ನು ಪ್ರದರ್ಶಿಸಿಲ್ಲ ಎಂದು ತಾವೇ ಬರೆದ ವಾಕ್ಯ, ಆಧಾರ ಸಮೇತ ಸುಳ್ಳಾಗಿ, ಆ ಹೊತ್ತಿಗೆ ಟೆಕ್ಸಾಸ್‌ನ ಜಡ್ಜ್ ಒಬ್ಬರ ಕಡತದಲ್ಲಿ ಕೂತಿತ್ತು.

ಊಟವಾದ ಮೇಲೆ ಕಿರಣ್‌ನನ್ನು ಬಾಲ್ಕನಿಗೆ ಕರೆದು ಬಾಗಿಲು ಹಾಕಿದರು. ವಿಷಯ ಕೇಳಿ ಅವನು ಮೊದಲು ನಕ್ಕ.

"ಅಯ್ಯೋ ಆಂಟಿ, ಅದು ಬಿಸಿನೆಸ್ ಅಲ್ವಲ್ಲ. ನಮ್ ಜನಕ್ಕೆ ಒಂದು ಊಟ ಹಾಕ್ಸಿದ್ದು. ಬ್ಯಾನರ್ ಹಾಕಿ ಅಂತ ನಾನು ಕೇಳೂ ಇಲ್ಲ, ಅವ್ರೇ ಹಾಕಿದ್ರು."

"ದುಡ್ಡು ಯಾವ ಅಕೌಂಟಿಂದ ಹೋಯ್ತು?"

ಅವನ ನಗು ನಿಂತಿತು. "ಕಂಪನಿದು."

"ಯಾರಾದ್ರೂ ಬಂದು ಮಾತಾಡ್ಸಿದ್ರಾ?"

"ಇಬ್ರು. ಕಾರ್ಡ್ ಕೇಳಿದ್ರು, ಕೊಟ್ಟೆ. ಆಮೇಲೆ ಯಾರೂ ಫೋನೂ ಮಾಡ್ಲಿಲ್ಲ ಆಂಟಿ, ದೇವ್ರಾಣೆ."

ಅವನು ಸುಳ್ಳು ಹೇಳುವ ಹುಡುಗನಲ್ಲ. ಕನ್ನಡದವರಿಗೆ ಊಟ ಹಾಕಿಸಿದ್ದನ್ನು ಅವನ ತಲೆ ವ್ಯವಹಾರದ ಪಟ್ಟಿಯಲ್ಲಿ ಇಟ್ಟುಕೊಂಡೇ ಇರಲಿಲ್ಲ, ಅಷ್ಟೆ. ಹೆಸರು ಹಾಕಿಸಿದ್ದೀಯಾ ಎಂದು ಕೇಳಿದಾಗ ಶಾಲು, ಹೋಳಿಗೆ, ಅಮ್ಮನ ಕಣ್ಣೀರು ಯಾವುದೂ ನೆನಪಿಗೆ ಬಂದಿರಲಿಲ್ಲ. ನಮ್ಮವರಲ್ಲಿ ಯಾರಿಗೆ ಬರುತ್ತಿತ್ತು? ಆದರೆ ಕೋರ್ಟಿಗೆ ಆಳೆತ್ತರದ ಬ್ಯಾನರ್ ಬ್ಯಾನರೇ.

"ನಾಳೆ ಹಾಲೊವೇ ಅವ್ರಿಗೆ ಹೇಳ್ತೀನಿ. ಕೋರ್ಟಿಗೆ ತಿದ್ದಿ ಹಾಕ್ಬೇಕು," ಎಂದರು ಚಂದ್ರಪ್ರಭಾ.

ಕಿರಣ್ ಬಿಳಿಚಿಕೊಂಡ. "ಸುಮ್ನಿರಲಾರ್ದೆ ಇರುವೆ ಬಿಟ್ಕೊಳ್ಳೋದು ಯಾಕೆ ಆಂಟಿ? ಯಾರಿಗೆ ಗೊತ್ತಾಗುತ್ತೆ? ಬ್ಯಾನರ್ ಇದ್ದಿದ್ದು ಕನ್ನಡದಲ್ಲಿ. ನಾನು ಮಾತಾಡಿದ್ದೂ ಕನ್ನಡದಲ್ಲೇ. ಆ ಲಾಯರ್ಸ್ ಏನು ಕನ್ನಡ ಓದ್ತಾರಾ?"

ಚಂದ್ರಪ್ರಭಾ ಅವರಿಗೆ ಸಿಟ್ಟು ಅಪರೂಪ. ಬಂದರೆ ಅದು ಬರುವುದು ಮೆಲ್ಲನೆಯ ದನಿಯಲ್ಲಿ.

"ಕನ್ನಡದಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ ಅಂತೀಯಾ ಕಿರಣ್? ಅಲ್ಲಿ ಸ್ಟೇಜ್ ಹತ್ತಿ, ಶಾಲು ಹೊದಿಸ್ಕೊಂಡು, ಚಪ್ಪಾಳೆ ತಗೊಂಡೆ. ಇಲ್ಲಿ ಬಂದು ಅದು ಮಾತೇ ಅಲ್ಲ ಅಂತೀಯಾ? ನಮ್ ಭಾಷೆ ಏನು, ಕದ್ದ ಮಾಲು ಬಚ್ಚಿಡೋ ಅಟ್ಟಾನಾ?"

ಅವನು ಕೆಳಗಿನ ರಸ್ತೆಯ ಕಡೆಗೆ ತಿರುಗಿಕೊಂಡ. "ಮೋಷನ್ ಬಿದ್ಹೋದ್ರೆ ನನ್ ಹತ್ರ ಕೆಲಸ ಮಾಡೋರ ಮನೆ ಕತೆ ಏನು ಆಂಟಿ?" ಎಂದ. ಇವನನ್ನು ಕೈ ಹಿಡಿದು ವಕೀಲರ ಬಳಿ ಕರೆದುಕೊಂಡು ಹೋದವಳು ನಾನೇ, ಮುಳುಗಿಸುವವಳೂ ನಾನೇ ಆಗುತ್ತೇನೇನೋ ಎಂದು ಚಂದ್ರಪ್ರಭಾ ಅವರಿಗೆ ಭಯವಾಯಿತು. ಆದರೂ ಮಾತು ಬದಲಿಸಲಿಲ್ಲ.

ಮರುದಿನ ಟ್ರಾಮು, ರೈಲು ಹಿಡಿದು ದ ಹೇಗ್ ಮುಟ್ಟುವವರೆಗೂ ಹಾಲೊವೇ ಎದುರು ಹೇಗೆ ಶುರುಮಾಡುವುದೆಂದು ಯೋಚಿಸಿದರು. ಶುರು ಸಿಕ್ಕದೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ಹಾಲೊವೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಿದ್ದಲೇಬೇಕು, ಅದರಲ್ಲಿ ಎರಡು ಮಾತಿಲ್ಲ ಎಂದರು. ಆದರೆ ಮೋಷನ್ ಉಳಿಯುತ್ತದೆಂಬ ಭರವಸೆ ತನಗಿಲ್ಲ ಎಂದೂ ಹೇಳಿದರು. ಒಮ್ಮೆ ತಪ್ಪು ಹೇಳಿದ ಕಿರಣ್‌ನ ಮಾತನ್ನು ಜಡ್ಜ್ ಇನ್ನು ಯಾಕೆ ನಂಬಬೇಕು? ಬ್ಯಾನರಿನ ವಿಷಯವನ್ನು ಒಂದು ಅಡಿಟಿಪ್ಪಣಿಯಲ್ಲಿ ಹೇಳಿ ಮುಂದೆ ಹೋಗೋಣ ಎಂಬುದು ಅವರ ಸಲಹೆ.

"ಅಡಿಟಿಪ್ಪಣಿ ಬೇಡ," ಎಂದರು ಚಂದ್ರಪ್ರಭಾ. "ಮೊದಲ ಪುಟದಲ್ಲೇ ಹಾಕೋಣ. ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದರೆ ನಾವೇ ಅದಕ್ಕೆ ಹೆದರಿದ್ದೇವೆ ಅಂತ ಅರ್ಥ. ನಾನು ಹೆದರಿಲ್ಲ. ಊಟ ಹಾಕಿಸಿದ್ದು ವ್ಯಾಪಾರ ಅಲ್ಲ ಅಂತ ಬರೆದು ತೋರಿಸ್ತೀನಿ. ಮತ್ತೆ ಕಿರಣ್ ಮಾತಿನ ಜೊತೆಗೆ ಇನ್ನೊಬ್ಬರ ಮಾತು ಬೇಕು. ಅವನ ತಾಯಿ ಮುಂದಿನ ಸಾಲಿನಲ್ಲೇ ಕೂತಿದ್ದರು."

"ತಾಯಿಯ ಸಾಕ್ಷಿ ಹಗುರ ಅಲ್ಲವೇ?"

"ಬೇರೆ ತಾಯಿಯದಾದರೆ ಹಗುರ. ಈ ತಾಯಿ ಮಗನಿಗೆ ಕೆಡುಕಾಗುವ ಮಾತನ್ನು, ಕೆಡುಕೆಂದು ಗೊತ್ತಿಲ್ಲದೆ, ಯಾರೂ ಕೇಳದೆ ಹೇಳಿದ್ದಾರೆ. ಅದಕ್ಕಿಂತ ನಂಬುವಂಥ ಸಾಕ್ಷಿ ನಿಮಗೆ ಎಲ್ಲಿ ಸಿಗುತ್ತೆ?"

ಹಾಲೊವೇ ಕನ್ನಡಕ ಮತ್ತೆ ಹಾಕಿಕೊಂಡು, ಬರೆಯಿರಿ ಎಂದರು.

ನೂರ್ಡ್‌ವೈಕ್‌ನ ಕಿರಣ್ ಮನೆಗೆ ರಾಜಮ್ಮನವರ ಹೇಳಿಕೆ ಪಡೆಯಲು ಹೋದಾಗ ಅವರಿಗೆ ವಿಷಯ ತಿಳಿದಿತ್ತು. ಅತ್ತು ಅತ್ತು ಮುಖ ಊದಿತ್ತು. "ನನ್ ಬಾಯಿಗ್ ಬೀಗ ಹಾಕ. ಹೆತ್ತ ಮಗನ್ನ ನಾನೇ ಸಿಗಾಕ್ಸ್‌ಬುಟ್ನಲ್ಲವ್ವ," ಎಂದು ಹಣೆ ಚಚ್ಚಿಕೊಂಡರು. ಚಂದ್ರಪ್ರಭಾ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡರು.

"ನೀವು ಹೇಳಿದ್ರಿಂದಲೇ ಒಳ್ಳೇದಾಗುತ್ತೆ ಅಮ್ಮ. ನೀವು ಕಣ್ಣಾರೆ ಕಂಡಿದ್ದು, ಕಿವಿಯಾರೆ ಕೇಳಿದ್ದು ಅಷ್ಟನ್ನೇ ಹೇಳಿ. ಮಗನಿಗೆ ಅನುಕೂಲ ಆಗ್ಲಿ ಅಂತ ಒಂದು ಮಾತು ಸೇರಿಸ್ಬೇಡಿ, ಒಂದು ಮಾತು ಬಿಡ್ಬೇಡಿ. ಇದು ಪ್ರಮಾಣ ಮಾಡಿದ ಹಾಗೆ."

"ಯಾವ್ ದೇವ್ರ ಮುಂದೆ?"

"ದೇವರ ಹೆಸರಿರಲ್ಲ ಅಮ್ಮ. ಸುಳ್ಳು ಹೇಳಿದ್ರೆ ಶಿಕ್ಷೆ ಅಂತ ಬರೆದಿರುತ್ತೆ, ಅಷ್ಟೆ."

"ದೇವ್ರಿಲ್ದೆ ಅದ್ಯಾವ ಸೀಮೆ ಆಣೆನವ್ವ!" ಎಂದು ರಾಜಮ್ಮ ಎದ್ದು ಹೋಗಿ ದೇವರ ಗೂಡಿನ ಮುಂದೆ ದೀಪ ಹಚ್ಚಿದರು. ಕೈ ಮುಗಿದು, ಕಣ್ಣೊರೆಸಿಕೊಂಡು ಬಂದು ಕೂತರು. ಆಮೇಲೆ ಹೇಳಿದ ಮಾತಿನಲ್ಲಿ ತಡವರಿಕೆ ಇರಲಿಲ್ಲ. ಬ್ಯಾನರ್ ಇತ್ತು. ಶಾಲು ಹೊದಿಸಿದರು. ಮಗ ಕಂಬಳಿ ಹೊಲಿಯುವ ಮಾತು ಹೇಳಿದ, ಯಾರಿಗೂ ಕೊಳ್ಳಿ ಎನ್ನಲಿಲ್ಲ. ಇಬ್ಬರು ಬಂದು ಕಾರ್ಡ್ ಕೇಳಿದರು, ಕೊಟ್ಟ.

ಮೂಲೆಯಲ್ಲಿ ನಿಂತಿದ್ದ ಕಿರಣ್, "ಅಮ್ಮ, ಕಾರ್ಡ್ ವಿಷ್ಯ ನಾನೇ ಹೇಳ್ತೀನಲ್ಲ, ನೀನೂ ಹೇಳ್ಬೇಕಾ?" ಎಂದು ಗೊಣಗಿದ.

"ನಾನೇ ಕಣ್ಣಾರೆ ನೋಡಿವ್ನಿ ಕಣೋ. ದೀಪ ಹಚ್ಚಿವ್ನಿ," ಎಂದು ರಾಜಮ್ಮ ಅವನ ಬಾಯಿ ಮುಚ್ಚಿಸಿದರು. ಆಮೇಲೆ ಚಂದ್ರಪ್ರಭಾ ಕಡೆಗೆ ತಿರುಗಿ, "ಇನ್ನೊಂದ್ ಬರ್ಕೊ ಕಣವ್ವ. ಊಟ ಹಾಕ್ಸುದ್ರೆ ನಾಕ್ ಜನ ಹೆಸ್ರು ಹೇಳ್ತಾರೆ. ಅದು ಉಂಡೋರ್ ಮರ್ವಾದೆ. ಎಲೆ ಮುಂದೆ ಕೂತೋರ್ ತಾವ ಯಾರಾದ್ರೂ ಯಾಪಾರ ಮಾಡ್ತಾರ?" ಎಂದರು.

ಚಂದ್ರಪ್ರಭಾ ಅದನ್ನು ಕನ್ನಡದಲ್ಲಿ ಬರೆದುಕೊಂಡು, ಓದಿ ಹೇಳಿ, ರುಜು ಹಾಕಿಸಿಕೊಂಡರು. ಆಮೇಲೆ ಇಂಗ್ಲಿಷಿಗೆ ತಂದರು. ಮೆಮೊರಾಂಡಂ ಬರೆಯುವುದಕ್ಕಿಂತ ಅದು ಕಷ್ಟವಾಯಿತು. ರಾಜಮ್ಮನವರ ಮಾತನ್ನು ಚೆಂದ ಮಾಡುವ ಆಸೆಯನ್ನು ಅದುಮಿಕೊಂಡು, ಅವರು ಎಷ್ಟು ನೇರವಾಗಿ ಹೇಳಿದ್ದರೋ ಅಷ್ಟೇ ನೇರವಾಗಿ ಇಟ್ಟರು. ಅನುವಾದ ಮಾಡಿದವರು ತಮಗೆ ಎರಡೂ ಭಾಷೆ ಬರುತ್ತದೆ, ಇದು ಮೂಲಕ್ಕೆ ನಿಷ್ಠವಾಗಿದೆ ಎಂದು ಕೆಳಗೆ ದೃಢೀಕರಿಸಬೇಕಿತ್ತು. ಹಾಗೆ ಚಂದ್ರಪ್ರಭಾ ಗೋವಿಂದರಾಜು ಎಂಬ ಹೆಸರು ಮೊದಲ ಬಾರಿ ಅಮೆರಿಕದ ಕೋರ್ಟಿನ ಕಡತ ಸೇರಿತು. ಅದನ್ನು ಅವರು ಗಮನಿಸಿದ್ದು ಕಳಿಸಿದ ಮೇಲೆ.

ತಿದ್ದಿದ ಮೆಮೊರಾಂಡಂ ಶುರುವಾದದ್ದೇ ತಪ್ಪಿನಿಂದ. ನಾವು ಹಿಂದೆ ಹೇಳಿದ ಮಾತೊಂದು ನಿಜವಲ್ಲ, ನಿಜ ಇದು ಎಂದು. ಅಲ್ಲಿಂದ ಮುಂದೆ ಚಂದ್ರಪ್ರಭಾ ಎಳೆ ಎಳೆಯಾಗಿ ಬಿಡಿಸಿದರು. ದಾವೆ ಇರುವುದು ಹೊಲಿಗೆಯ ವಿಧಾನದ ಬಗ್ಗೆ. ಆ ದಾವೆ ಹುಟ್ಟಿದ್ದು ಆ ಊಟದಿಂದಲ್ಲ. ಉಂಡವರಲ್ಲಿ ಒಬ್ಬರೂ ಏನನ್ನೂ ಕೊಂಡಿಲ್ಲ. ಒಂದು ಊರಿನಲ್ಲಿ ತನ್ನವರಿಗೆ ಬಡಿಸಿದವನನ್ನು ಆ ಊರಿನಲ್ಲಿ ಅಂಗಡಿ ಇಟ್ಟವನು ಎನ್ನುವಂತಿಲ್ಲ. ಇಬ್ಬರಿಗೆ ಕೊಟ್ಟ ಕಾರ್ಡನ್ನೂ ಮರೆಮಾಚಲಿಲ್ಲ. ಅದಕ್ಕೇ ಒಂದು ಪ್ಯಾರಾ ಕೊಟ್ಟರು. ಪ್ರತಿ ವಾಕ್ಯದ ಕೊನೆಗೂ ಆಧಾರವಿತ್ತು, ಅರ್ಧಕ್ಕರ್ಧ ಆಧಾರ ರಾಜಮ್ಮನವರದೇ. ಓದಿದ ಹಾಲೊವೇ ಒಂದಕ್ಷರವನ್ನೂ ಮುಟ್ಟದೆ ರುಜು ಮಾಡಿದರು. ಅದು ಆ ಕಚೇರಿಯಲ್ಲಿ ಹಿಂದೆ ಆದದ್ದಿಲ್ಲ.

ಎದುರು ಪಕ್ಷದವರು ಸುಮ್ಮನಿರುತ್ತಾರೆಯೇ? ಒಮ್ಮೆ ಸುಳ್ಳು ಹೇಳಿದವರು ಎಂದು ಪುಟಗಟ್ಟಲೆ ಬರೆದರು. ಅನುವಾದವನ್ನೂ ಬಿಡಲಿಲ್ಲ. ಮಾಡಿದವರು ಪ್ರತಿವಾದಿಯ ವಕೀಲರ ಕಚೇರಿಯವರೇ, ನಂಬಬಹುದೇ ಎಂದು ಕೇಳಿದರು. ಚಂದ್ರಪ್ರಭಾ ಅದನ್ನು ಓದಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಸಿಟ್ಟಿನಿಂದಲ್ಲ, ಆ ಪ್ರಶ್ನೆ ನ್ಯಾಯವಾದದ್ದು ಎಂದು ಅವರಿಗೇ ಅನ್ನಿಸಿದ್ದರಿಂದ. ಕನ್ನಡದ ಮೂಲವನ್ನೂ ಜೊತೆಗಿಟ್ಟಿದ್ದೇವೆ, ಯಾರಿಂದ ಬೇಕಾದರೂ ಓದಿಸಿಕೊಳ್ಳಿ ಎಂದು ಉತ್ತರ ಬರೆದರು. ಆಮೇಲೆ ಕಾಯುವುದೊಂದೇ ಉಳಿಯಿತು. ರಾಜಮ್ಮನವರ ವೀಸಾ ಮುಗಿದು ಅವರು ಮಂಡ್ಯಕ್ಕೆ, ಮಗಳ ಮನೆಗೆ ಮರಳಿದರು. ಕಿರಣ್ ಕೂಟಕ್ಕೆ ಬರುವುದನ್ನು ಬಿಟ್ಟ. ಅವನ ಹೆಂಡತಿ ಸುಪ್ರೀತಾ ಅಂಗಡಿಯಲ್ಲಿ ಎದುರಾದರೆ ಬೇಳೆಯ ಪೊಟ್ಟಣವನ್ನು ಓದುತ್ತ ನಿಲ್ಲುತ್ತಿದ್ದಳು. ಗೋವಿಂದರಾಜು, "ಸೋತ್ರೂ ನೀನು ಮಾಡಿದ್ದು ಸರಿ ಕಣೆ" ಎಂದಾಗ, "ಸೋತ್ರೆ ಅಂತ ಬಾಯಲ್ಲಿ ತರ್ಬೇಡಿ" ಎಂದು ರೇಗಿದರು.

ವಸಂತದ ಟ್ಯುಲಿಪ್ ಹೂವು ಮುಗಿಯುವ ಕಾಲಕ್ಕೆ ತೀರ್ಪು ಬಂತು. ಹಾಲೊವೇ ತಮ್ಮ ಕೋಣೆಯಿಂದ ಓಡಿಬಂದು, ಹೆಬ್ಬೆರಳು ಎತ್ತಿ ತೋರಿಸಿ ಚಂದ್ರಪ್ರಭಾ ಅವರನ್ನು ಅಪ್ಪಿಕೊಂಡರು. ಮೋಷನ್ ಮಂಜೂರಾಗಿತ್ತು. ದಾವೆ ವಜಾ. ಕಿರಣ್‌ಗೆ ಫೋನ್ ಮಾಡಿದರೆ ಅವನು ಅಲ್ಲಿಂದಲೇ ತನ್ನವರಿಗೆ ಕೂಗಿ ಹೇಳಿದ. ಹಿಂದೆ ಹೊಲಿಗೆಯವರು ಯಾರೋ ಕೂಗಿದ್ದು, ಇನ್ಯಾರೋ ಸಿಳ್ಳೆ ಹಾಕಿದ್ದು ಕೇಳಿಸಿತು. ಆಮೇಲೆ, "ಆಂಟಿ, ಅಮ್ಮಂಗೆ ನೀವೇ ಹೇಳಿ," ಎಂದ.

ವಿಡಿಯೋದಲ್ಲಿ ರಾಜಮ್ಮ ಕಾಣಿಸಿಕೊಂಡರು. ಹಿಂದೆ ಮೊಮ್ಮಕ್ಕಳ ಗಲಾಟೆ. ಗೆದ್ದೆವು ಎಂದದ್ದು ಒಂದು ಸಲಕ್ಕೆ ಕೇಳಿಸದೆ, ಎರಡು ಸಲ ಹೇಳಿಸಿಕೊಂಡು, ಸೆರಗಿನಿಂದ ಮುಖ ಮುಚ್ಚಿಕೊಂಡರು. ಚಂದ್ರಪ್ರಭಾ ತೀರ್ಪಿನ ಒಂದು ಭಾಗವನ್ನು ಕನ್ನಡದಲ್ಲಿ ಹೇಳಿದರು. "ಸಾಕ್ಷಿ ರಾಜಮ್ಮನವರು ತಮ್ಮ ಮಗನಿಗೆ ಪ್ರತಿಕೂಲವಾದ ಸಂಗತಿಗಳನ್ನೂ ಮುಚ್ಚಿಡದೆ ಹೇಳಿದ್ದಾರೆ. ಎಲೆಯ ಮುಂದೆ ಕುಳಿತವರ ಬಳಿ ಯಾರೂ ವ್ಯಾಪಾರ ಮಾಡುವುದಿಲ್ಲ ಎಂಬ ಅವರ ಮಾತನ್ನು ನಂಬದಿರಲು ಈ ಕೋರ್ಟಿಗೆ ಕಾರಣ ಕಾಣುವುದಿಲ್ಲ."

"ನಾನಂದಿದ್ದ? ಜಡ್ಜು ಬರ್ದವ್ರ?"

"ಹೌದಮ್ಮ. ನಿಮ್ಮ ಹೆಸರು ಹಾಕಿ ಬರೆದಿದ್ದಾರೆ."

ಮಗುವೊಂದು ಬಂದು ರಾಜಮ್ಮನವರ ತೊಡೆ ಏರಿತು, ಅದನ್ನು ಸರಿಯಾಗಿ ಕೂರಿಸಿಕೊಂಡರು.

"ಜಡ್ಜಪ್ಪಂಗೆ ಕನ್ನಡ ಬತ್ತದ?"

"ಇಲ್ಲಮ್ಮ. ಒಂದಕ್ಷರ ಬರಲ್ಲ. ನೀವು ಹೇಳಿದ್ದನ್ನ ನಾನು ಇಂಗ್ಲಿಷಲ್ಲಿ ಬರೆದುಕೊಟ್ಟೆ, ಅಷ್ಟನ್ನೇ ಓದಿದ್ದು."

"ಹಂಗಾರೆ ಅವ್ರು ನಂಬಿರದು ನನ್ನಲ್ಲ ಕಣವ್ವ," ಎಂದರು ರಾಜಮ್ಮ. "ನಿನ್ನ."